ಕರೆಗೆ ಕಾದ ಎರಡು ಕಾರು

ನನ್ನ ಗಂಡ ಶಿವಶಂಕರ್ ಮತ್ತು ನನ್ನ ಅಣ್ಣ ಬಸವರಾಜು ಮಾತು ಬಿಟ್ಟದ್ದು ಆಸ್ತಿಗಲ್ಲ, ಬದುವಿಗಲ್ಲ, ಒಂದು ವಾಟ್ಸಾಪ್ ಮೆಸೇಜಿಗೆ. ಎರಡು ವರ್ಷದ ಹಿಂದೆ ಅಣ್ಣ ಹೊಸ ಅಗ್ರಹಾರದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ನಂಟರಿಷ್ಟರ ಮನೆಗೆಲ್ಲ ಹೋಗಿ, ಎಲೆ ಅಡಿಕೆ ಕೊಟ್ಟು ಕರೆದ. ಹುಣಸೂರಿನ ನಮ್ಮ ಮನೆಯ ಸರದಿ ಬರುವ ಹೊತ್ತಿಗೆ ಭತ್ತದ ನಾಟಿ ಶುರುವಾಗಿತ್ತು. ಹೇಗೂ ತಂಗಿಯ ಮನೆ ತಾನೇ ಎಂದುಕೊಂಡು ನನ್ನ ಗಂಡನ ಮೊಬೈಲಿಗೆ ಕಾರ್ಡಿನ ಫೋಟೊ ಕಳಿಸಿದ. ಕೆಳಗೆ ಎರಡು ಹಳದಿ ಕೈ ನಮಸ್ಕಾರ ಮಾಡುತ್ತಿದ್ದವು.

ಆ ಹಳದಿ ಕೈ ನೋಡಿದ್ದೇ ತಡ, ನನ್ನ ಗಂಡನ ಮರ್ಯಾದೆಗೆ ಜ್ವರ ಬಂತು. ಮನೆಯ ಅಳಿಯನನ್ನು ಬೊಂಬೆ ಕೈಯಲ್ಲಿ ಕರೆಸುವುದೇ ಎಂದು ತಾವೂ ಹೋಗಲಿಲ್ಲ, ನನ್ನನ್ನೂ ಹೋಗಗೊಡಲಿಲ್ಲ. ಕರೆದರೂ ಬರಲಿಲ್ಲವಲ್ಲ ಎಂದು ಅಣ್ಣ ಅತ್ತ ಉರಿದುಕೊಂಡ. ಇಬ್ಬರೂ ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿ ವಿಷಯವನ್ನು ದೊಡ್ಡ ಮನುಷ್ಯರ ಹಾಗೆ ಇತ್ಯರ್ಥ ಮಾಡಿಕೊಂಡರು. ಅಲ್ಲಿಂದಾಚೆಗೆ ಗೌರಿ ಹಬ್ಬದ ಬಾಗಿನ ಕೆ.ಆರ್. ನಗರದ ಬಸ್ ಕಂಡಕ್ಟರ್ ಕೈಯಲ್ಲಿ ಬರತೊಡಗಿತು. ರಾಜಿ ಮಾಡಿಸುತ್ತೇನೆಂದು ಪಿರಿಯಾಪಟ್ಟಣದಿಂದ ಬಂದ ರುದ್ರಸ್ವಾಮಿ ಮಾವ ಎರಡು ಹೊತ್ತು ಊಟ ಮಾಡಿ, ಹುಳಿ ಚೆನ್ನಾಗಿತ್ತು ಎಂದು ಹೇಳಿ ವಾಪಸು ಹೋದರು.

ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಅಣ್ಣನ ಮಗಳು ಅನುಶ್ರೀಗೆ ಮದುವೆ ಗೊತ್ತಾಯಿತು. ಅನುವನ್ನು ಎತ್ತಿ ಆಡಿಸಿದವಳು ನಾನು. ನಮ್ಮ ಮನೆತನದಲ್ಲಿ ಹುಡುಗಿಯ ಜೊತೆ ಕಳಸ ಹಿಡಿದು ನಿಲ್ಲುವುದು ಸೋದರತ್ತೆ, ಅಂದರೆ ನಾನೇ. ಕರೆಯದೆ ನಾನು ಕಳುಹಿಸುವುದಿಲ್ಲ ಎಂದು ಇವರು. ಒಂದು ಸಲ ಕರೆದು ಮರ್ಯಾದೆ ಕಳೆದುಕೊಂಡಿದ್ದೇನೆ, ಇನ್ನೊಂದು ಸಲ ಆ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಅವನು. ಲಗ್ನಕ್ಕೆ ಇನ್ನು ಒಂದು ತಿಂಗಳಿತ್ತು. ನಾನು ಹೋಗದಿದ್ದರೆ ಕಳಸ ಅತ್ತಿಗೆಯ ತಂಗಿಯ ಕೈಗೆ ಹೋಗುತ್ತಿತ್ತು. ಅದನ್ನು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಗಂಡಸರನ್ನು ಮಾತಿಗೆ ಎಳೆಯಲು ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ, ಆಟ ತೋರಿಸಬೇಕು. ಇವರಿಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಆ ಕಾಲದಲ್ಲಿ ತಲಾ ಒಂದು ಕಂಪ್ಯೂಟರ್ ಕೊಂಡು, ಮಾಡೆಮ್ ಎನ್ನುವ ಡಬ್ಬಿಯನ್ನು ಟೆಲಿಫೋನ್ ವೈರಿಗೆ ಸಿಕ್ಕಿಸಿ, ನಡುವೆ ಇಂಟರ್ನೆಟ್ ಗಿಂಟರ್ನೆಟ್ ಏನೂ ಇಲ್ಲದೆ ನೇರವಾಗಿ ಹುಣಸೂರಿನಿಂದ ಹೊಸ ಅಗ್ರಹಾರಕ್ಕೆ ಕಾರ್ ರೇಸ್ ಆಡುತ್ತಿದ್ದರು. ಇವರದು ಕೆಂಪು ಕಾರು, ಅಣ್ಣನದು ನೀಲಿ. ದಿನಾ ಸೋಲುತ್ತಿದ್ದುದರಿಂದ ಇವರು ಅಣ್ಣನಿಗೆ ಬಹಳ ಒಳ್ಳೆಯ ಹುಡುಗನಾಗಿ ಕಂಡರು. ಹಾಗಾಗಿ ನನ್ನನ್ನು ಕೊಟ್ಟ. ನನ್ನ ಜಾತಕ ಕೂಡಿಬಂದದ್ದು ಹೀಗೆ.

ಒಂದು ಸಂಜೆ ಕಾಫಿ ಕೊಡುತ್ತ ಇವರ ಕಿವಿಗೆ ಒಂದು ಮಾತು ಹಾಕಿದೆ. ಆ ಹಳೆ ಕಂಪ್ಯೂಟರನ್ನು ಈಗ ಆನ್ ಮಾಡುವುದೂ ಶಿವಶಂಕರನ ಕೈಲಾಗದು ಎಂದು ಅಣ್ಣ ಯಾರ ಹತ್ತಿರವೋ ನಕ್ಕನಂತೆ ಎಂದೆ. ಅಣ್ಣ ಹಾಗೆ ಅಂದಿರಲಿಲ್ಲ. ಇದೇ ಮಾತನ್ನು ತಿರುಗಿಸಿ ಅತ್ತಿಗೆಗೂ ಹೇಳಿಕೊಟ್ಟೆ. ಅವರು ಅದನ್ನು ಅಣ್ಣನಿಗೆ ರಾಗಿಮುದ್ದೆಯ ಜೊತೆ ಬಡಿಸಿದರು. ಮಾರನೆಯ ದಿನವೇ ಅಣ್ಣ ತನ್ನ ಕಂಪ್ಯೂಟರಿನ ಧೂಳು ಕೊಡವಿದನಂತೆ, ಇತ್ತ ಇವರು ಅಟ್ಟ ಹತ್ತಿದರು. ಕಂಪ್ಯೂಟರ್ ಬದುಕಿತ್ತು, ಮಾನಿಟರ್ ಸತ್ತಿತ್ತು. ಅದಕ್ಕಾಗಿ ಎಚ್.ಡಿ. ಕೋಟೆಯವರೆಗೆ ಹೋಗಿ, ಒಂದು ಮುಚ್ಚಿದ ಸ್ಟುಡಿಯೊದಿಂದ ಬೆನ್ನು ಉಬ್ಬಿದ ಹಳೆ ಮಾನಿಟರ್ ಹೊತ್ತು ತಂದರು. ಹತ್ತು ನಿಮಿಷದ ದಾರಿಯ ತರಕಾರಿ ಮಾರುಕಟ್ಟೆಗೆ ಹೋಗಲು ಇದೇ ಮನುಷ್ಯರಿಗೆ ಸೊಂಟನೋವು.

ವೈರಿನ ಹಳೆ ದೂರವಾಣಿ ಎರಡೂ ಮನೆಯಲ್ಲಿ ಉಳಿದಿತ್ತು. ಅಣ್ಣನ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ, ಮಹಡಿ ಹತ್ತಬೇಕು, ಅದಕ್ಕೆ. ನಮ್ಮದು ಮುಂದೆ ಆನ್‌ಲೈನ್ ಅರ್ಜಿ ಹಾಕುವ ಅಂಗಡಿ, ಹಿಂದೆ ಮನೆ. ಅಂಗಡಿಯ ಬೋರ್ಡಿನಲ್ಲಿ ಆ ನಂಬರ್ ಬರೆಸಿತ್ತು, ಅಳಿಸಲು ಇವರಿಗೆ ಸೋಮಾರಿತನ, ಅದಕ್ಕೆ. ಅದೇ ಲೈನಿಗೆ ಅಡುಗೆಮನೆಯಲ್ಲೂ ಒಂದು ಫೋನಿತ್ತು.

ಇನ್ನು ಮಾತಾಡದವರ ಜೊತೆ ಆಟವಾಡುವುದು ಹೇಗೆ? ಇವರು ಅದಕ್ಕೂ ಕಾನೂನು ಹುಡುಕಿದರು. ನಾವು ಮಾತಾಡುತ್ತಿಲ್ಲ, ಕಂಪ್ಯೂಟರುಗಳು ಮಾತಾಡುತ್ತವೆ ಎಂದರು. ಅಣ್ಣನೂ ಇದನ್ನು ಒಪ್ಪಿದನಂತೆ. ಎರಡು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಆದರೆ ಆ ಡಬ್ಬಿಗಳು ತಾವಾಗಿಯೇ ಮಾತಾಡುವುದಿಲ್ಲ. ಎರಡೂ ಕಡೆ ಒಂದೇ ಸ್ಪೀಡ್ ಇಡಬೇಕು, ಒಂದೇ ಹೊತ್ತಿಗೆ ಶುರು ಮಾಡಬೇಕು. ಇದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಹೇಳುವವರು ಯಾರು? ನಾನು ಅಂಗಡಿಯಲ್ಲಿ ಮೊಬೈಲ್ ಹಿಡಿದು ನಿಂತೆ. ಅತ್ತಿಗೆ ಮಹಡಿಯ ಮೇಲೆ ಮೊಬೈಲ್ ಹಿಡಿದು ನಿಂತರು. ಇವರು ನನಗೆ ಹೇಳುವುದು, ನಾನು ಅತ್ತಿಗೆಗೆ ಹೇಳುವುದು, ಅತ್ತಿಗೆ ಮೆಟ್ಟಿಲ ಬಾಯಲ್ಲಿ ನಿಂತು ಕೆಳಗೆ ಕೂಗುವುದು.

"ಆ ಪೆದ್ದನಿಗೆ ಹೇಳು, ಸ್ಪೀಡು ಒಂಬತ್ತು ಸಾವಿರದ ಆರ್ನೂರಕ್ಕೆ ಇಳಿಸ್ಲಿ ಅಂತ. ಅದಕ್ಕಿಂತ ಜಾಸ್ತಿ ಆದ್ರೆ ಅವನ ಲೈನೂ ತಡಿಯಲ್ಲ, ತಲೇನೂ ತಡಿಯಲ್ಲ" ಎಂದರು ಇವರು.

"ಅತ್ತಿಗೆ, ಅಣ್ಣನಿಗೆ ತೊಂದ್ರೆ ಆಗಬಾರ್ದು ಅಂತ ಇವ್ರು ಸ್ಪೀಡ್ ಇಳಿಸಾನ ಅಂತಾವ್ರೆ" ಎಂದೆ ನಾನು.

ಕೆಳಗಿನಿಂದ ಅಣ್ಣ ಏನೋ ಅಂದದ್ದು ನನ್ನ ಮೊಬೈಲಿಗೂ ಕೇಳಿಸಿತು. ಅದರಲ್ಲಿ ಇವರ ವಂಶದ ಪ್ರಸ್ತಾಪ ಇತ್ತು. ಅತ್ತಿಗೆ ಮಾತ್ರ ನನಗೆ, 'ಆಗಲಿ ಅಂದರು ಮಧು' ಎಂದರು. ಮಾಡೆಮ್ ಎಂದರೆ ಏನು ಎಂದು ಇವರು ನನಗೆ ಹಿಂದೊಮ್ಮೆ ವಿವರಿಸಿದ್ದರು. ಒಂದು ಕಡೆಯ ಮಾತನ್ನು ತಂತಿಗೆ ಹಿಡಿಸುವ ಹಾಗೆ ಬದಲಾಯಿಸಿ, ಇನ್ನೊಂದು ಕಡೆಯವರಿಗೆ ಅರ್ಥವಾಗುವ ಹಾಗೆ ಮಾಡುವ ಯಂತ್ರವಂತೆ. ಹಾಗಾದರೆ ಅಂಗಡಿಯಿಂದ ಡಬ್ಬಿ ಯಾಕೆ ತರಬೇಕಿತ್ತೋ. ಮದುವೆಯಾದಾಗಿನಿಂದ ಆ ಕೆಲಸವನ್ನು ಎರಡೂ ಮನೆಗೆ ನಾನು ಪುಕ್ಕಟೆ ಮಾಡುತ್ತಿದ್ದೇನೆ.

ಸ್ಪೀಡ್ ಕೂಡಿತು. ಆಟದ ತೆರೆಯ ಮೇಲೆ ಎರಡು ದಾರಿ ಬಂದವು. ಒಂದು, ನೀವು ಕರೆ ಮಾಡಿ. ಇನ್ನೊಂದು, ಕರೆಗಾಗಿ ಕಾಯಿರಿ. ನನ್ನ ಗಂಡ ಎರಡನೆಯದನ್ನು ಒತ್ತಿ ಕುರ್ಚಿಗೆ ಒರಗಿದರು. ಹೊಸ ಅಗ್ರಹಾರದಲ್ಲಿ ಅಣ್ಣನೂ ಎರಡನೆಯದನ್ನೇ ಒತ್ತಿ ಒರಗಿದ. ಕಾಫಿ ಮುಗಿಯಿತು, ದೀಪ ಹಚ್ಚುವ ಹೊತ್ತಾಯಿತು. ಎರಡು ಊರಿನಲ್ಲಿ ಎರಡು ಕಾರು ಇಂಜಿನ್ ಗುರುಗುಟ್ಟಿಸುತ್ತ, ಎದುರಿನವನು ಕರೆಯಲಿ ಎಂದು ಕಾದು ನಿಂತಿದ್ದವು. ಯಂತ್ರ ಕೆಟ್ಟಿರಬೇಕು ಎಂದು ಇಬ್ಬರೂ ಯಂತ್ರವನ್ನು ಬೈದರು.

ಮಾರನೆಯ ದಿನ ನಿಜ ಗೊತ್ತಾಯಿತು. ಗೊತ್ತಾದ ಮೇಲೆ ಇನ್ನೂ ಕಷ್ಟವಾಯಿತು. ಅದು ಬರೀ ನಂಬರ್ ಒತ್ತುವುದು, ಯಾರನ್ನೂ ಕರೆಯುವುದಲ್ಲ ಎಂದು ಇವರಿಗೆ ಹೇಳಿದೆ.

"ಕರೆ ಅಂತ ಬರ್ದದೆ ಅಲ್ವಾ? ನಾನ್ ಒತ್ತಿದ್ರೆ ನಾನೇ ಕರ್ದಂಗೆ" ಎಂದರು.

ಗಂಡ ಬಚ್ಚಲಿಗೆ ಹೋದಾಗ ನಾನೇ ಒತ್ತಿದೆ. ಅತ್ತ ಫೋನ್ ರಿಂಗಾಯಿತು. ಡಬ್ಬಿ ಎತ್ತುವ ಮೊದಲೇ ಅಣ್ಣನ ಮನೆಯಲ್ಲಿರುವ ನಮ್ಮ ದೊಡ್ಡಮ್ಮ ಎತ್ತಿದರು. ಫೋನ್ ಮುಟ್ಟಬೇಡಿ ಎಂದು ಅವರಿಗೆ ಮೊದಲೇ ಹೇಳಿತ್ತು. ಆದರೆ ಮನೆಯಲ್ಲಿ ಜನ ಇದ್ದು ಯಾರೋ ಕರೆದಾಗ ಓಗೊಡದೆ ಕೂರುವುದು ಅವರ ಪ್ರಕಾರ ಮಹಾಪಾಪ. ನಮ್ಮ ಮಾಡೆಮ್ ಕಿರ್ರೆಂದು ಕೂಗಿದ್ದನ್ನು ಕೇಳಿ ಯಾವುದೋ ಎಳೆ ಮಗುವಿಗೆ ಹೊಟ್ಟೆನೋವು ಎಂದುಕೊಂಡರಂತೆ. ಓಮದ ನೀರು ಕುಡಿಸವ್ವ ಎಂದು ಡಬ್ಬಿಗೆ ವಿವರವಾಗಿ ಔಷಧಿ ಹೇಳಿ ಫೋನ್ ಇಟ್ಟರು. ಅಂದಿನಿಂದ ಸಂಜೆ ಹೊತ್ತು ದೊಡ್ಡಮ್ಮನನ್ನು ಪಕ್ಕದ ಮನೆಯ ಜಗುಲಿಗೆ ಕಳಿಸುವುದೆಂದಾಯಿತು.

ಕೊನೆಗೂ ಸಂಬಂಧ ಕೂಡಿದ್ದು ಹೀಗೆ: ಇಲ್ಲಿ ಕರೆ ಒತ್ತಿದವಳು ನಾನು, ಅಲ್ಲಿ ಕಾಯುವುದನ್ನು ಒತ್ತಿದವರು ಅತ್ತಿಗೆ. ಗಂಡಸರಿಬ್ಬರ ಮರ್ಯಾದೆಗೂ ಒಂದು ಗೀರೂ ಬೀಳಲಿಲ್ಲ. ತೆರೆಯ ಮೇಲೆ ಕೆಂಪು ಕಾರು, ನೀಲಿ ಕಾರು ಅಕ್ಕಪಕ್ಕ ಬಂದು ನಿಂತಾಗ ಇವರ ಮುಖ ನೋಡಬೇಕಿತ್ತು. ತಲೆ ಬೋಳಾದ ಮನುಷ್ಯ ಕುರ್ಚಿಯಲ್ಲಿ ಎಡಕ್ಕೂ ಬಲಕ್ಕೂ ವಾಲುತ್ತ, ತಿರುವು ಬಂದಾಗ ನಾಲಗೆ ಕಚ್ಚುತ್ತ ಕಾರು ಓಡಿಸಿದರು. ಎಷ್ಟೋ ದಿನದ ಮೇಲೆ ಅವರು ಹಾಗೆ ನಕ್ಕದ್ದು ಕಂಡು ನನಗೂ ಖುಷಿಯಾಯಿತು. ಇನ್ನೇನು, ಕೆಲಸ ಆಯಿತು ಎಂದುಕೊಂಡೆ. ಮದುವೆಗೆ ಉಡುವ ಸೀರೆಯನ್ನೂ ತೆಗೆದಿಟ್ಟೆ.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಮುನಿಸಿಕೊಂಡವರಲ್ಲಿ ಒಬ್ಬರಿಲ್ಲದೆ ಒಬ್ಬರಿಗೆ ಬೇಜಾರಾದರೆ ತಾನೇ ರಾಜಿಯಾಗುವುದು? ಈಗ ಇಬ್ಬರಿಗೂ ಬೇಜಾರೇ ಇಲ್ಲ. ಸಂಜೆಯಾದರೆ ನಾನು ಒತ್ತಬೇಕು, ಅವರು ಆಡಬೇಕು. ಮಾತು ಬೇಡ, ಮೆಟ್ಟಿಲು ಹತ್ತುವುದು ಬೇಡ, ತಲೆ ತಗ್ಗಿಸುವುದು ಬೇಡ, ಸ್ನೇಹದ ಸುಖವೆಲ್ಲ ತಂತಿಯಲ್ಲೇ ಬರುತ್ತಿತ್ತು. ಮದುವೆಯ ಮಾತೆತ್ತಿದರೆ, ಅವನು ಬಂದು ಎಲೆ ಅಡಿಕೆ ಕೊಡಲಿ, ನೋಡೋಣ ಎಂದು ತೆರೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು. ಒಂದು ಸಂಜೆ ರೇಸಿಗೆ ಮುಂಚೆ ತೆರೆಯ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಅಣ್ಣನ ಕಡೆಯಿಂದ 'ಮದುವೆಗೆ ಬನ್ನಿ' ಎಂದು ಬಂತು. ಕರೆ ಬಂದೇಬಿಟ್ಟಿತು ಎಂದುಕೊಂಡೆ. ಇವರು ಅದನ್ನು ಓದಿ, ಇದು ಅವನ ಕಂಪ್ಯೂಟರ್ ನಮ್ಮ ಕಂಪ್ಯೂಟರನ್ನು ಕರೆದದ್ದು, ಬೇಕಾದರೆ ಇದನ್ನು ಕಳಿಸೋಣ ಎಂದರು. ಹಾಗೆಂದು ತಮ್ಮ ಜಾಣತನಕ್ಕೆ ತಾವೇ ನಕ್ಕರು.

ಲಗ್ನಕ್ಕೆ ನಾಲ್ಕು ದಿನ ಇತ್ತು. ಮಧ್ಯಾಹ್ನ ಅನು ಮಹಡಿ ಹತ್ತಿ ನನಗೆ ಫೋನ್ ಮಾಡಿದಳು. ಕಳಸಕ್ಕೆ ಯಾರು ಎಂದು ಮದುವೆ ಮಾಡಿಸುವ ಐನೋರು ಕೇಳಿದರಂತೆ, ಅಪ್ಪ ಉತ್ತರ ಕೊಡದೆ ಎದ್ದು ಹೋದರಂತೆ. ನೀನು ಬರ್ತೀಯಲ್ವಾ ಅತ್ತೆ ಎಂದು ಕೇಳಿ ಅತ್ತಳು.

ಅಂದು ಸಂಜೆ ಎಂದಿನಂತೆ ಕರೆ ಒತ್ತಿಕೊಟ್ಟು ಒಳಗೆ ಬಂದೆ. ಒಗ್ಗರಣೆಗೆ ಇಟ್ಟಿದ್ದೆ. ಅಂಗಡಿಯಿಂದ ಇವರ ನಗು ಕೇಳಿಸಿತು. ಆ ನಗು ನನಗೆ ಮೈಯೆಲ್ಲ ಉರಿ ಎಬ್ಬಿಸಿತು. ಅಡುಗೆಮನೆಯ ಫೋನ್ ಎತ್ತಿದರೆ ರೇಸ್ ಕೆಡುತ್ತದೆ ಎಂದು ಅದರ ಮೇಲೆ ಒಂದು ಟವಲ್ ಹೊದಿಸಿಟ್ಟಿದ್ದರು. ಒಲೆ ಆರಿಸಿದೆ, ಟವಲ್ ಬಿಸಾಡಿ ಫೋನ್ ಎತ್ತಿದೆ. ಕಿವಿಯಲ್ಲಿ ಎರಡು ಯಂತ್ರ ಕರ್ಕಶವಾಗಿ ಕಿರುಚುತ್ತಿದ್ದವು. ಎರಡು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಆ ಕಿರುಚಾಟಕ್ಕೇ ಬೈದೆ. ಏನು ಬೈದೆನೋ ನೆನಪಿಲ್ಲ, ಬರೆಯುವಂಥದ್ದಂತೂ ಅಲ್ಲ. ಸದ್ದು ಮುಗ್ಗರಿಸಿ ನಿಂತುಹೋಯಿತು.

ರೇಸ್ ನಡುವೆ ಕಡಿದರೆ ಏನಾಯಿತೆಂದು ಫೋನ್ ಎತ್ತಿ ನೋಡುವುದು ಇಬ್ಬರಿಗೂ ಹಳೆಯ ಅಭ್ಯಾಸ. ಕೈ ತಾನಾಗಿ ಹೋಯಿತು ಅಂತ ಕಾಣುತ್ತದೆ.

"ಯಾಕ್ಲಾ ಕಿತ್ತಾಕ್ದೆ? ಸೋಲ್ತೀನಿ ಅಂತ ಗೊತ್ತಾಯ್ತಾ?" ಅದು ಅಣ್ಣನ ದನಿ.

"ನಾನೆಲ್ಲಿ ಕಿತ್ತಾಕ್ದೆ? ನಿನ್ ಲೈನೇ ಅಂಗೆ ಕಣ್ಲಾ. ಮುಂದಿದ್ದೋನು ನಾನು" ಎಂದರು ಇವರು.

"ಬುಡು ಬುಡು. ನಿನ್ ಕಾರು ಬೇಲಿ ಒಳಗೆ ಒಕ್ಕಂಡಿದ್ದು ನಾನ್ ನೋಡ್ನಿಲ್ವಾ?"

ಇಬ್ಬರೂ ತಟ್ಟನೆ ಸುಮ್ಮನಾದರು. ತಾವು ಮಾಡಿದ್ದೇನು ಎಂದು ಈಗ ಹೊಳೆದಿರಬೇಕು. ಯಾರೂ ಫೋನ್ ಇಡಲಿಲ್ಲ. ಇಟ್ಟರೆ ಮೊದಲು ಇಟ್ಟವನು ಸೋತಂತೆ ಎಂದು ಅಲ್ಲೂ ಲೆಕ್ಕ ಹಾಕುತ್ತಿದ್ದರೋ ಏನೋ.

"ಅಣ್ಣ, ನಾನು ಮಧು. ಅನು ಮದುವೆಗೆ ನನ್ನ ಕರಿಯೋರು ಯಾರು?" ಎಂದೆ.

ಅಣ್ಣ ಅಂದ, "ನಿನ್ನ ಯಾಕವ್ವ ಕರೀಬೇಕು? ನೀನು ಮನೆಮಗಳು. ಮನೆ ಮಕ್ಳನ್ನ ಯಾರಾರ ಕರೀತಾರಾ? ಗೃಹಪ್ರವೇಶದ ದಿನ ನೀನು ಬತ್ತೀಯ ಅಂತ ಹಾಲುಕ್ಕಿಸದೆ ಬಾಗಿಲಲ್ಲಿ ಕಾದ್ವಿ. ನೀನೇ ಬರ್ಲಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಕರೆ ಬೇಕಾಗಿದ್ದದ್ದು ಅಳಿಯನಿಗೆ. ನನಗೆ ಅದರ ಅಗತ್ಯವೇ ಇರಲಿಲ್ಲ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿಲ್ಲದ ವಿಷಯವೂ ಅಲ್ಲ. ಆದರೂ ಇವರ ಮರ್ಯಾದೆಯನ್ನು ನನ್ನದೆಂದುಕೊಂಡು, ನನ್ನ ಮನೆಗೆ ನಾನು ಹೋಗಲು ಅಪ್ಪಣೆಗೆ ಕಾದಿದ್ದೆ. ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಬಾಗಿಲಲ್ಲಿ ನಿಂತು ಕಾದವರ ಮುಖಗಳು ಒಂದೊಂದಾಗಿ ಕಣ್ಣಿಗೆ ಬಂದವು, ಅತ್ತುಬಿಟ್ಟೆ.

"ನಾಳೆ ಬೆಳಿಗ್ಗೆ ಬತ್ತೀನಿ ಅಣ್ಣ" ಎಂದು ಫೋನ್ ಇಟ್ಟೆ.

ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮೆಲ್ಲಗೆ, "ನಾನು?" ಎಂದರು.

"ನೀವು ಅಳಿಯಂದ್ರು. ನಿಮ್ಮನ್ನ ಕರೀಬೇಕು. ಕೂತಿರಿ" ಎಂದೆ.

ಅಟ್ಟದ ಮೇಲಿದ್ದ ನನ್ನ ಸೂಟ್‌ಕೇಸನ್ನು ಅವರೇ ಸ್ಟೂಲ್ ಹತ್ತಿ ಇಳಿಸಿಕೊಟ್ಟರು.