ಹರಳಮ್ಮನ ಹಟ, ಶೇಕಡಾ ಸಾರ್ ಲೆಕ್ಕ

ಪ್ರಯೋಗಾಲಯದಲ್ಲಿ ಎಲ್ಲರೂ ತಮ್ಮ ಮುಖ್ಯಸ್ಥರನ್ನು ಬೆನ್ನ ಹಿಂದೆ ಶೇಕಡಾ ಸಾರ್ ಎನ್ನುತ್ತಿದ್ದರು. ಅಂಕಿ ಇಲ್ಲದೆ ಅವರ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಲಿಫ್ಟ್ ಕೆಟ್ಟು ನಿಂತರೆ, "ನೂರಕ್ಕೆ ತೊಂಬತ್ತು ಸಲ ಬಾಗಿಲಿನದೇ ತೊಂದರೆ" ಎನ್ನುತ್ತ ಮೆಟ್ಟಿಲು ಹತ್ತುವ ಮನುಷ್ಯ. ಅವರ ಕೈಕೆಳಗೆ ಪ್ರೋಟೀನಿನ ಹರಳು ಬೆಳೆಸುತ್ತಿದ್ದವಳಿಗೆ ಹರಳಮ್ಮ ಎಂಬ ಹೆಸರು ಬಿದ್ದಿತ್ತು. ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಬೇಸರವೆಲ್ಲ ಸಾರ್ ಹಾಕುವ ಲೆಕ್ಕದ ಬಗ್ಗೆ.

ಹರಳೇನೋ ಬೆಳೆದಿತ್ತು, ಸಕ್ಕರೆ ಕಾಳಿಗಿಂತ ಚಿಕ್ಕದು, ಗಾಜಿನಷ್ಟು ತಿಳಿ. ಎಕ್ಸ್‌-ರೇ ಹಾಯಿಸಿದಾಗ ಪರದೆಯ ತುಂಬ ಚುಕ್ಕೆಗಳೂ ಬಿದ್ದಿದ್ದವು. ಆದರೆ ಯಾವ ಚುಕ್ಕೆ ಎಷ್ಟು ಗಾಢ ಎಂದು ಅಳೆಯಬಹುದೇ ಹೊರತು, ಅದನ್ನು ಮೂಡಿಸಿದ ಎಕ್ಸ್‌-ರೇ ಅಲೆಗಳು ಒಂದಕ್ಕೊಂದು ಯಾವ ಹೆಜ್ಜೆಯಲ್ಲಿ ಬಂದವು ಎಂಬುದು ದಾರಿಯಲ್ಲೇ ಕಳೆದುಹೋಗುತ್ತದೆ. ಅದನ್ನು ಹುಡುಕಿ ತರದೆ ಪ್ರೋಟೀನಿನ ಆಕಾರ ಕಾಣುವುದಿಲ್ಲ. ಸುಲಭದ ದಾರಿ ಎಂದರೆ, ಆಕಾರ ಗೊತ್ತಿರುವ ಬಂಧು ಪ್ರೋಟೀನೊಂದನ್ನು ಕಂಪ್ಯೂಟರಿನಲ್ಲಿ ಕೂರಿಸಿ ಅದರ ಹೆಜ್ಜೆಯನ್ನು ಎರವಲು ಪಡೆಯುವುದು. ಕಷ್ಟದ ದಾರಿಯಲ್ಲಿ ಪ್ರೋಟೀನಿನೊಳಗೇ ಹೆಜ್ಜೆಯ ಸುಳಿವು ಕೊಡುವ ಸೆಲೆನಿಯಮ್ ಪರಮಾಣು ಸೇರಿಸಿ, ಹರಳನ್ನು ಮೊದಲಿನಿಂದ ಬೆಳೆಸಬೇಕು.

"ಎರವಲೇ ತಗೊಳ್ಳಿಮ್ಮ," ಎಂದಿದ್ದರು ಸಾರ್. "ನೂರಕ್ಕೆ ಎಂಬತ್ತು ಜನ ಹಾಗೇ ಆಕಾರ ಬಿಡಿಸ್ತಾರೆ. ಸೆಲೆನಿಯಮ್ಮಿನವರು ಹತ್ತೋ ಹದಿನೈದೋ. ಪಾದರಸದ ದ್ರಾವಣದಲ್ಲಿ ಹರಳು ನೆನೆಸೋ ಹಳೇ ಪದ್ಧತಿಯೋರಂತೂ ಈಗ ಬೆರಳೆಣಿಕೆ."

"ಇದಕ್ಕೆ ಹತ್ತಿರದ ಬಂಧು ಇಲ್ಲ ಸಾರ್. ಇರೋದೊಂದೂ ಬಹಳ ದೂರದ್ದು."

"ದೂರದ್ದಾದ್ರೇನು, ಬಂಧು ಬಂಧುನೇ."

ಚಳಿಗಾಲ ಪೂರ್ತಿ ಅವಳು ಆ ದೂರದ ಬಂಧುವನ್ನು ತಿರುಗಿಸಿ ಮುರುಗಿಸಿ, ಬಾಲ ಕತ್ತರಿಸಿ, ಕೈಕಾಲು ಮಡಿಸಿ ಕೂರಿಸಿದಳು. ಕಂಪ್ಯೂಟರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೊನೆಗೊಂದು ದಿನ ಏನೋ ಒಂದು ನಕ್ಷೆ ಮೂಡಿತು. ಸಾರ್ ಹಿಗ್ಗಿ ಹೀರೇಕಾಯಿಯಾದರು. "ಈ ಸುರುಳಿ ನೋಡಿ, ಎಷ್ಟು ಚೆನ್ನಾಗಿದೆ!"

ಅವಳಿಗೆ ನಂಬಿಕೆ ಬರಲಿಲ್ಲ. ಬಂಧುವಿನಿಂದ ಅದೇ ಸುರುಳಿಯನ್ನು ಕಿತ್ತು ಹಾಕಿ ಮತ್ತೆ ಲೆಕ್ಕ ಮಾಡಿಸಿದಳು. ಸುರುಳಿ ನಿಜವಾಗಿದ್ದರೆ ಖಾಲಿ ಜಾಗದಲ್ಲಿ ತಾನಾಗಿ ಮೂಡಬೇಕಿತ್ತು. ಅಲ್ಲಿ ನೊಣ ಕೂತು ಎದ್ದಂಥ ಕಲೆಗಳ ಹೊರತು ಏನೂ ಇರಲಿಲ್ಲ.

"ನಾವು ಕೊಟ್ಟಿದ್ದನ್ನೇ ಇದು ನಮಗೆ ವಾಪಸ್ ತೋರಿಸ್ತಿದೆ ಸಾರ್. ಕನ್ನಡಿಗೆ ಹಲ್ಲು ಕಿಸಿದ್ರೆ ಅದೂ ಕಿಸಿಯುತ್ತೆ."

"ಇನ್ನೊಂದ್ಸಲ ಕೂರಿಸಿ ನೋಡಿ. ಎಂಬತ್ತು ಜನ ಮಾಡೋದು ಸುಮ್ನೇನಾ?"

ಅವಳು ಅಕ್ಕನ ಜೊತೆ ಒಂದೇ ಮನೆಯಲ್ಲಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಅಡುಗೆಮನೆಯಲ್ಲಿ ತಂಗಿ ಪಾತ್ರೆ ಕುಕ್ಕುವ ಸದ್ದು ಕೇಳಿ ಕತ್ತು ಹೊರಳಿಸಿದಳು.

"ಏನೇ, ಹರಳು ಹರಳು ಅಂತ ಹೋಗಿ ಹರಳೆಣ್ಣೆ ಕುಡಿದೋಳ ಹಾಗೆ ಮುಖ ಮಾಡ್ಕೊಂಡ್ ಬಂದಿದೀಯ?"

"ಎಂಬತ್ತಂತೆ, ಎಂಬತ್ತು! ಎಂಬತ್ತು ಜನರಿಗಾಗೋ ಚಪ್ಪಲಿ ನನ್ನ ಕಾಲಿಗೂ ಆಗ್ಲೇಬೇಕಾ?"

"ಅದನ್ನ ಅವರಿಗೇ ಹೇಳು ಮಾರಾಯ್ತಿ. ಪಾತ್ರೆ ಏನು ಮಾಡಿತ್ತು ನಿಂಗೆ?"

ಮರುದಿನ ಅವಳು ಹೇಳಿಯೇಬಿಟ್ಟಳು. ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು ದನಿ. "ಆ ಎಂಬತ್ತು ಜನಕ್ಕೆ ಬಂಧು ಇತ್ತು ಸಾರ್, ಅದಕ್ಕೇ ಎರವಲು ಸಿಕ್ತು. ನಮ್ಮದು ಉಳಿದ ಇಪ್ಪತ್ತರಲ್ಲಿದೆ. ಲೆಕ್ಕ ಹಾಕ್ತಾ ಕೂತ್ರೆ ಬಂಧು ಹುಟ್ಟಲ್ಲ!"

ಪಿಪೆಟ್ ಹಿಡಿದಿದ್ದವರೆಲ್ಲ ಕೈ ತಡೆದು ನಿಂತರು. ಸಾರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು. "ಮಾಡ್ಕೊಳ್ಳಿ," ಎಂದು ಒಳಗೆ ಹೋದರು.

ಸೆಲೆನಿಯಮ್ ಬೆರೆಸಿದ ಆಹಾರ ಪ್ರೋಟೀನು ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ರುಚಿಸಲಿಲ್ಲ. ಮುನಿಸಿಕೊಂಡವರಂತೆ ನಿಧಾನವಾಗಿ ಬೆಳೆದವು. ಪ್ರೋಟೀನು ಅರ್ಧಕ್ಕರ್ಧ ಕಡಿಮೆ ಸಿಕ್ಕಿತು. ಮೊದಲ ಹರಳುಗಳು ಕೂದಲಿನಂತೆ ಎದ್ದು, ಮುಟ್ಟಿದೊಡನೆ ಮುರಿದವು. ಅವಳು ಉಪ್ಪು ಬದಲಿಸಿದಳು, ತಂಪು ಬದಲಿಸಿದಳು, ತನ್ನ ಹಣೆಬರಹವನ್ನು ಬೈದಳು. ಕಡೆಗೆ ಒಂದೇ ಒಂದು ಗಟ್ಟಿ ಹರಳು ನಿಂತಿತು. ಅದನ್ನು ಜೋಪಾನವಾಗಿ ಪ್ರಬಲ ಎಕ್ಸ್‌-ರೇ ಇರುವ ಕೇಂದ್ರಕ್ಕೆ ಒಯ್ದಳು.

ಈ ಸಲ ಮೂಡಿದ ನಕ್ಷೆಯಲ್ಲಿ ಪ್ರೋಟೀನಿನ ಎಳೆಯನ್ನು ಬೆರಳಿಟ್ಟು ಹಿಂಬಾಲಿಸಬಹುದಿತ್ತು. ಸಾರ್ ಮೆಚ್ಚಿದ್ದ ಸುರುಳಿಯ ಜಾಗದಲ್ಲಿ ಚಪ್ಪಟೆ ಹಾಳೆಯಂಥ ಮಡಿಕೆಯೊಂದಿತ್ತು. ಅವಳು ಸ್ಟೂಲು ಎಳೆದು ಕೂತು, ಎಳೆಯನ್ನು ಇನ್ನೊಮ್ಮೆ ಮೊದಲಿನಿಂದ ಹಿಂಬಾಲಿಸಿದಳು. ಊರಿಗೆ ಮರಳಿ ತೋರಿಸಿದಾಗ ಸಾರ್ ಬಹಳ ಹೊತ್ತು ನೋಡಿ, "ಭೇಷ್," ಎಂದರು. ಅಷ್ಟೇ. ಅಂಕಿ ಗಿಂಕಿ ಏನಿಲ್ಲ. ಅವಳ ಸಿಟ್ಟು ಬೆಣ್ಣೆಯಂತೆ ಕರಗಿತು.

ಕರಗಿದ ಬೆಣ್ಣೆ ಮುಂದಿನ ಸೋಮವಾರದ ಸಭೆಯಲ್ಲಿ ಕಾದು ಕುದಿಯಿತು.

"ಇನ್ಮೇಲೆ ಎಲ್ಲರೂ ಸೆಲೆನಿಯಮ್ಮೇ," ಎಂದು ಸಾರ್ ಸಾರಿದರು. "ಎರವಲು ನಂಬೋ ಹಾಗಿಲ್ಲ." ಹೊಸದಾಗಿ ಸೇರಿದ್ದ ವಿದ್ಯಾರ್ಥಿನಿ ಪೆಚ್ಚಾಗಿ ಹರಳಮ್ಮನ ಮುಖ ನೋಡಿದಳು.

"ಸಾರ್, ಇವಳ ಪ್ರೋಟೀನಿಗೆ ಅವಳಿ ಅನ್ನೋವಷ್ಟು ಹತ್ತಿರದ ಬಂಧು ಇದೆ!"

"ಎರವಲು ಸುಳ್ಳು ತೋರಿಸುತ್ತೆ ಅಂದಿದ್ದು ನೀವೇ ಅಲ್ವೇನಮ್ಮ?"

ಇವರಿಗೆ ಹೇಳುವುದಕ್ಕಿಂತ ಗೋಡೆಗೆ ಹೇಳುವುದು ವಾಸಿ ಎಂದು ಅವಳಿಗನ್ನಿಸಿತು. ಸಭೆ ಮುಗಿದ ಮೇಲೆ ವಿದ್ಯಾರ್ಥಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳಿ ಪ್ರೋಟೀನನ್ನು ಕಂಪ್ಯೂಟರಿಗೆ ಕೊಟ್ಟಳು. ಚಹಾ ಆರುವ ಮೊದಲೇ ಉತ್ತರ ಬಂತು. ಒಂದು ತುಂಡು ಕಿತ್ತು ಪರೀಕ್ಷಿಸಿದರು. ಖಾಲಿ ಜಾಗದಲ್ಲಿ ಆ ತುಂಡು ಅಚ್ಚುಕಟ್ಟಾಗಿ ಮೂಡಿತು. ವಿದ್ಯಾರ್ಥಿನಿ ನಗಲು ಶುರು ಮಾಡಿದಾಗ ಬಾಗಿಲಲ್ಲಿ ಸಾರ್ ನಿಂತಿದ್ದರು.

"ಸೆಲೆನಿಯಮ್ ತರಿಸಿದ್ರಾ?"

"ಇಲ್ಲ ಸಾರ್. ಬೇಕಾಗಲಿಲ್ಲ. ಮುಗೀತು."

ಅವರು ಬಗ್ಗಿ ಪರದೆ ನೋಡಿದರು. "ಸರಿಯಾಗೇ ಇದೆ... ಆದ್ರೂ ಯಾವುದಕ್ಕೂ ಇರಲಿ, ಒಂದ್ಸಲ—"

"ಸಾರ್, ನಮಗೆ ಹಸಿವಾಗಿದೆ," ಎಂದು ಹರಳಮ್ಮ ಚೀಲ ಹೆಗಲಿಗೇರಿಸಿ, ವಿದ್ಯಾರ್ಥಿನಿಯ ಕೈ ಹಿಡಿದೆಳೆದುಕೊಂಡು ಕ್ಯಾಂಟೀನಿನ ಕಡೆ ಹೊರಟಳು.