ವ್ರಜಲಾಲ್ ಕಾಕಾ ಕೊಟ್ಟ ಬಾಡಿಗೆ

ನಲವತ್ತೊಂದು ವರ್ಷಗಳ ಕಾಲ ಯಾವ ಬ್ಯಾಂಕಿನ ಹೊಸ್ತಿಲನ್ನೂ ತುಳಿಯದಿದ್ದ ವ್ರಜಲಾಲ್ ಕಾಕಾರನ್ನು ಲೆಸ್ಟರ್ ಪಟ್ಟಣದ ಬೆಲ್‌ಗ್ರೇವ್ ರಸ್ತೆಯ ಬ್ಯಾಂಕಿನೊಳಕ್ಕೆ ಹಾಡುಹಗಲೇ ಕರೆದೊಯ್ದವಳು ತಾನು ಎಂಬುದನ್ನು ಜಸುಮತಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಮೊದಲ ಗಂಡ ತೀರಿದ ಮೇಲೆ ಮಗಳನ್ನು ಒಬ್ಬಳೇ ಬೆಳೆಸಿದ್ದು, ಎರಡು ಪುಟ್ಟ ಮನೆಗಳ ಸಾಲ ತೀರಿಸಿದ್ದು, ಇವೆಲ್ಲ ಆ ಬೀದಿಯ ಹತ್ತಾರು ಹೆಂಗಸರು ಮಾಡಿದ ಕೆಲಸಗಳು. ಕಾಕಾರನ್ನು ಬ್ಯಾಂಕಿಗೆ ನಡೆಸಿದ್ದು ಮಾತ್ರ ಅವಳೊಬ್ಬಳ ಸಾಧನೆ. ಆ ಕಥೆ ಹೇಳುವಾಗ ಹನ್ನೆರಡು ವರ್ಷಗಳ ಮೇಲೂ ತನ್ನ ಅಂಗೈ ತಣ್ಣಗಾಗುತ್ತದೆಂಬುದನ್ನು ಅವಳು ಯಾರಿಗೂ ಹೇಳಿಲ್ಲ.

ಐವತ್ತೆರಡನೆಯ ವಯಸ್ಸಿನಲ್ಲಿ ಅವಳು ಮತ್ತೆ ಮದುವೆಯಾದಳು. ವರ ಕೀನ್ಯಾದ ಕಿಸುಮು ಊರಿನ ಮರದ ವ್ಯಾಪಾರಿ ನಟವರ್, ವಿಧುರ, ಅವಳಿಗಿಂತ ಏಳು ವರ್ಷ ದೊಡ್ಡವನು. ಮಂದಿರದ ಅಡುಗೆಮನೆಯಲ್ಲಿ ರೊಟ್ಟಿ ಲಟ್ಟಿಸುವ ಹೆಂಗಸರ ಬಾಯಿಗೆ ಆ ಸುದ್ದಿ ಮೂರು ತಿಂಗಳು ಮೇವಾಯಿತು. ಅದಕ್ಕೆಲ್ಲ ಅವಳು ಅಂಜಲಿಲ್ಲ. ಅವಳನ್ನು ಅಂಜಿಸಿದ್ದು ಸರ್ಕಾರ ಎಳೆದಿದ್ದ ಒಂದು ಗೆರೆ. ಗಂಡನನ್ನು ಈ ದೇಶಕ್ಕೆ ಕರೆಸಿಕೊಳ್ಳಬೇಕಾದರೆ ಹೆಂಡತಿಯ ವರಮಾನ ವರ್ಷಕ್ಕೆ ಹದಿನೆಂಟು ಸಾವಿರದ ಆರುನೂರು ಪೌಂಡನ್ನು ಮುಟ್ಟಬೇಕು. ಸಮೋಸಾ ಕಾರ್ಖಾನೆಯ ಸಂಬಳ ಮುಕ್ಕಾಲು ದಾರಿಯೂ ನಡೆಯದೆ ನಿಲ್ಲುತ್ತಿತ್ತು. ಎರಡು ಬೀದಿಯಾಚೆ ಕಾಕಾ ವಾಸವಾಗಿದ್ದ ಮನೆಯ ಬಾಡಿಗೆ ಸೇರಿದರೆ ಗೆರೆ ದಾಟಬಹುದಿತ್ತು, ಅದೂ ಕೂದಲೆಳೆಯಷ್ಟು. ಒಂದೇ ಒಂದು ತಿಂಗಳು ತಪ್ಪಿದರೂ ನಟವರ್ ಕಿಸುಮುವಿನಲ್ಲೇ ಉಳಿಯಬೇಕು.

"ಬಾಡಿಗೆ ನಿಮ್ಮ ಕೈಗೆ ಹೇಗೆ ಬರುತ್ತೆ, ಬೆನ್?" ಎಂದು ವಕೀಲರು ಗುಜರಾತಿಯಲ್ಲಿ ಅಕ್ಕನೆಂದು ಕರೆದು ಕೇಳಿದರು.

"ತಿಂಗಳ ಮೊದಲ ಭಾನುವಾರ ಕಾಕಾ ಮಂದಿರದಿಂದ ಬರ್ತಾ ಲಕೋಟೇಲಿ ತಂದು ಕೊಡ್ತಾರೆ. ಹದಿನಾಲ್ಕು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ."

"ರಸೀದಿ?"

"ರಸೀದಿ ಕೊಟ್ರೆ ಮುಖದ ಮೇಲೆ ಎಸೀತಾರೆ. ಮನೆಯವರ ಹತ್ರ ಯಾರಾದ್ರೂ ರಸೀದಿ ಬರೆಸ್ಕೊಳ್ತಾರಾ ಅಂತಾರೆ. ಆದ್ರೆ ತೆರಿಗೆ ಕಟ್ಟಿದ್ದೀನಿ ಸಾರ್, ಒಂದು ವರ್ಷಾನೂ ಬಿಟ್ಟಿಲ್ಲ."

"ಅದು ಸಾಲಲ್ಲ. ಹನ್ನೆರಡು ತಿಂಗಳು ಅವರ ಖಾತೆಯಿಂದ ನಿಮ್ಮ ಖಾತೆಗೆ ಹಣ ಬಂದದ್ದು ಬ್ಯಾಂಕಿನ ಪಟ್ಟೀಲಿ ಕಾಣಲಿ. ಆಮೇಲೆ ಅರ್ಜಿ ಹಾಕೋಣ. ಇಲ್ಲಾಂದ್ರೆ ಅವರು ನಂಬಲ್ಲ."

ಕಾಕಾರಿಗೆ ಖಾತೆಯೇ ಇರಲಿಲ್ಲ. ಸಿಟಿ ಬಸ್ಸಿನ ಚಾಲಕರಾಗಿ ನಿವೃತ್ತರಾದ ಎಪ್ಪತ್ತೆಂಟರ ಆ ಮುದುಕರು ಅಂಚೆ ಕಚೇರಿಯಲ್ಲಿ ಪಿಂಚಣಿಯನ್ನು ನೋಟುಗಳಲ್ಲೇ ಎಣಿಸಿಕೊಂಡು ಬರುತ್ತಿದ್ದರು. ಯುಗಾಂಡಾದ ಜಿಂಜಾದಲ್ಲಿ ಅವರದೊಂದು ಬಟ್ಟೆಯಂಗಡಿಯಿತ್ತು. ಎಪ್ಪತ್ತೆರಡರಲ್ಲಿ ಏಷ್ಯಾದವರೆಲ್ಲ ತೊಂಬತ್ತು ದಿನಗಳಲ್ಲಿ ಜಾಗ ಖಾಲಿ ಮಾಡಬೇಕೆಂದು ಅಲ್ಲಿನ ಸರ್ವಾಧಿಕಾರಿ ಆಜ್ಞೆ ಮಾಡಿದಾಗ, ಬ್ಯಾಂಕಿನವರು "ಸೋಮವಾರ ಬನ್ನಿ" ಎಂದರಂತೆ. ಆ ಸೋಮವಾರ ಬರಲೇ ಇಲ್ಲ. ವಿಮಾನ ನಿಲ್ದಾಣದ ದಾರಿಯಲ್ಲಿ ಏಳು ಕಡೆ ಸೈನಿಕರು ಬಂದೂಕು ಹಿಡಿದು "ಏನಿದೆ ನಿನ್ನ ಹತ್ತಿರ?" ಎಂದು ಕೇಳಿದರು. ಏಳು ಕಡೆಯೂ ಅವರು "ಏನೂ ಇಲ್ಲ" ಎಂದರು. ಅಂದಿನಿಂದ ಸರ್ಕಾರದ ಹೆಸರು ಹೇಳಿಕೊಂಡು ಯಾರೇ ಬಂದರೂ ಅವರ ಉತ್ತರ ಅದೊಂದೇ. ಜನಗಣತಿಯ ಹುಡುಗಿ ಬಂದಾಗ ಬಾಗಿಲ ಸಂದಿಯಲ್ಲಿ ನಿಂತು, "ಈ ಮನೇಲಿ ಯಾರೂ ಇಲ್ಲ" ಎಂದು ತಾವೇ ಹೇಳಿ ಕಳಿಸಿದವರು ಅವರು.

ಜಸುಮತಿ ಮೊಗೋ, ಅಂದರೆ ಮರಗೆಣಸಿನ ಹೋಳು, ಹುರಿದು ಡಬ್ಬಿಗೆ ತುಂಬಿಕೊಂಡು ಹೋಗಿ ಸಂಗತಿ ಅರುಹಿದಳು. ಕಾಕಾ ಒಂದು ಹೋಳನ್ನು ಮೆಣಸಿನಪುಡಿಗೆ ಅದ್ದಿ ನಿಧಾನವಾಗಿ ಅಗಿದರು.

"ಮೊಗೋ ಚೆನ್ನಾಗಿದೆ ದೀಕರಿ, ನನ್ನ ಮಗಳೇ. ಬ್ಯಾಂಕಿನ ಮಾತು ಬೇಡ."

"ಕಾಕಾ, ಇದು ಜಿಂಜಾ ಅಲ್ಲ."

"ಜಿಂಜಾನೂ ಮೊದಲು ಜಿಂಜಾ ಆಗಿರ್ಲಿಲ್ಲ," ಎಂದರು ಕಾಕಾ. "ನಿನ್ನ ಮದುಮಗನಿಗೆ ಹೇಳು, ಈಜ್ಕೊಂಡು ಬರ್ಲಿ."

ಹಾವು ಕಚ್ಚಿದವನು ಹಗ್ಗ ಕಂಡರೂ ಹೆದರುತ್ತಾನೆಂಬುದು ಅವಳಿಗೆ ತಿಳಿಯದ್ದಲ್ಲ. ಆದರೆ ಅವಳ ಹೆದರಿಕೆಯೂ ಸಣ್ಣದಾಗಿರಲಿಲ್ಲ. ಪ್ರತಿ ಭಾನುವಾರ ದೂರವಾಣಿಯಲ್ಲಿ ನಟವರ್, "ಕಾದೂ ಕಾದೂ ಮುದುಕ ಆಗ್ಬಿಡ್ತೀನಿ ಕಣೇ," ಎಂದು ನಗುತ್ತಿದ್ದ. ಆ ನಗೆಯ ಕೊನೆಯಲ್ಲಿ ಈಚೆಗೆ ಕೆಮ್ಮು ಸೇರಿಕೊಂಡಿತ್ತು. ಮಗಳು ಭಾವಿನಿಯ ಮಾತು ನೇರವಾಗಿತ್ತು: "ಮಮ್ಮಿ, ಕಾಕಾನ ಖಾಲಿ ಮಾಡ್ಸು. ಖಾತೆ ಇರೋ ಯಾರನ್ನಾದ್ರೂ ಇಡು. ಪಪ್ಪನ ಸ್ನೇಹಿತರು ಅಂತ ಎಷ್ಟು ದಿನ ದಾಕ್ಷಿಣ್ಯ?"

ಹದಿನೈದು ದಿನ ಅವಳು ಆ ಮಾತನ್ನು ಮುಂದೂಡಿದಳು. ಕೊನೆಗೆ ಭಾವಿನಿ ಬರೆದುಕೊಟ್ಟ ನೋಟಿಸನ್ನು ಕೈಚೀಲದಲ್ಲಿಟ್ಟುಕೊಂಡು ಕಾಕಾರ ಮನೆಗೆ ನಡೆದಳು. ಕಾಗದವನ್ನು ಮೇಜಿನ ಮೇಲಿಟ್ಟಳು. ಕಾಕಾ ಕನ್ನಡಕ ಹುಡುಕಿ ಏರಿಸಿಕೊಂಡು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದರು.

"ಎರಡು ತಿಂಗಳು," ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. "ಅವನು ತೊಂಬತ್ತು ದಿನ ಕೊಟ್ಟಿದ್ದ, ದೀಕರಿ."

ಜಸುಮತಿಯ ಕೈಕಾಲು ತಣ್ಣಗಾದವು. ಬಂದೂಕು ಹಿಡಿದವರ ಸಾಲಿನಲ್ಲಿ ಎಂಟನೆಯವಳಾಗಿ ತಾನು ನಿಂತಿರುವಂತೆ ಅವಳಿಗೆ ಭಾಸವಾಯಿತು. ಆ ಕಾಗದವನ್ನು ಕಸಿದು ಹರಿದು, ಚೂರುಗಳನ್ನು ತನ್ನದೇ ಚೀಲಕ್ಕೆ ತುಂಬಿಕೊಂಡಳು.

"ಏನೂ ಓದಿಲ್ಲ ಅಂದ್ಕೊಳ್ಳಿ ಕಾಕಾ. ನಾನು ಬಂದೇ ಇಲ್ಲ."

"ನಿನ್ನ ಮದುಮಗ?"

"ಅವರು ಅಲ್ಲೇ ಇರ್ತಾರೆ. ನಾನು ಇಲ್ಲೇ ಇರ್ತೀನಿ." ಅಷ್ಟು ಹೇಳಿ ಅವಳು ಚೀಲವನ್ನು ಎತ್ತಿಕೊಂಡು ಹೊರಟಳು.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಕಾಕಾ ಮದುವೆಗೆ ತೊಡುವ ಕೋಟು ತೊಟ್ಟು, ಟೈ ಬಿಗಿದು ನಿಂತಿದ್ದರು. ಮುಖ ಸುಣ್ಣದಂತೆ ಬಿಳುಪಾಗಿತ್ತು.

"ನಡಿ. ಇವತ್ತು ಸೋಮವಾರ ಅಲ್ಲ ತಾನೇ?"

"ಅಲ್ಲ ಕಾಕಾ, ಬುಧವಾರ."

ಆ ಬ್ಯಾಂಕು ಅಲ್ಲಿಂದ ಮುನ್ನೂರು ಹೆಜ್ಜೆ. ಮುಕ್ಕಾಲು ಗಂಟೆ ಹಿಡಿಯಿತು. ಮಿಠಾಯಿ ಅಂಗಡಿಯ ಮುಂದೆ ನಿಂತರು, ಸೀರೆಯಂಗಡಿಯ ಮುಂದೆ ನಿಂತರು, ಗಾಜಿನ ಬಾಗಿಲ ಎದುರು ಬಂದಾಗ ಹಿಂತಿರುಗಿಯೇಬಿಟ್ಟರು. ಜಸುಮತಿ ಅವರ ಮುಂಗೈ ಹಿಡಿದಳು.

"ದುಡ್ಡು ನಿಮ್ಮ ಖಾತೆಯಿಂದ ಹೊರಟ ಕ್ಷಣಾನೇ ಬಾಡಿಗೆ ಸಂದ ಹಾಗೆ," ಎಂದಳು. "ದಾರೀಲಿ ಬ್ಯಾಂಕು ನುಂಗಿದ್ರೆ ನಂದು ಹೋಯ್ತು, ನಿಮ್ಮದಲ್ಲ."

"ನುಂಗಿದ್ರೆ ನಾನು ಮೊದಲೇ ಹೇಳಿದ್ದೆ ಅನ್ನೋದು ನೆನಪಿರ್ಲಿ," ಎಂದು ಗೊಣಗುತ್ತ ಅವರು ಒಳಗೆ ಕಾಲಿಟ್ಟರು.

ಹೊಸ ಕರಾರುಪತ್ರಕ್ಕೆ ಸಹಿಯಾಯಿತು, ಪಿಂಚಣಿ ಖಾತೆಗೆ ಬರತೊಡಗಿತು, ತಿಂಗಳ ಒಂದನೆಯ ತಾರೀಕಿಗೆ ಬಾಡಿಗೆ ತಾನಾಗಿಯೇ ಹೊರಡುವ ಏರ್ಪಾಡಾಯಿತು. ಮುಂದಿನ ಹನ್ನೆರಡು ತಿಂಗಳು ಜಸುಮತಿಗೆ ಹನ್ನೆರಡು ವರ್ಷಗಳಾದವು. ಕಾಕಾ ಸೀನಿದರೆ ಅವಳು ಶುಂಠಿ ಕಷಾಯ ಕಾಯಿಸಿಕೊಂಡು ಓಡುತ್ತಿದ್ದಳು. ಮಂಜು ಬಿದ್ದ ದಿನ ಅವರು ಜಾರಿ ಬೀಳದಿರಲೆಂದು ಅವರ ಬಾಗಿಲ ಮುಂದೆ ತಾನೇ ಉಪ್ಪು ಚೆಲ್ಲಿ ಬರುತ್ತಿದ್ದಳು. ಮುದುಕರ ಮೇಲಿನ ಅಕ್ಕರೆಯೆಷ್ಟು, ಬಾಡಿಗೆಯ ಮೇಲಿನ ಆಸೆಯೆಷ್ಟು ಎಂದು ಬೇರ್ಪಡಿಸಲು ಅವಳಿಗೆ ಧೈರ್ಯವಾಗಲಿಲ್ಲ. "ನನ್ನ ಉಸಿರು ಎಣಿಸ್ತಿದ್ದೀಯಾ?" ಎಂದು ಕಾಕಾ ಛೇಡಿಸಿದರೆ ಅವಳು ನಗಲಾರದೆ ಹೋಗುತ್ತಿದ್ದಳು.

ಹನ್ನೆರಡೂ ಬಾಡಿಗೆಗಳು ಬಂದವು. ಅರ್ಜಿ ಹೋಯಿತು. ಆಗ ವಕೀಲರು ಮತ್ತೊಂದು ಮಾತು ಹೇಳಿದರು: ವೀಸಾ ಕಚೇರಿಯವರು ಬೇಕೆನಿಸಿದರೆ ಬಾಡಿಗೆದಾರನಿಗೇ ನೇರವಾಗಿ ಫೋನ್ ಮಾಡಿ ವಿಚಾರಿಸಬಹುದು.

ಸರ್ಕಾರದವರು ಕೇಳುತ್ತಾರೆ, ಕಾಕಾ "ಏನೂ ಇಲ್ಲ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಜಸುಮತಿ ಹೇಳಿಕೊಡಲು ಹೋದರೆ ಕಾಕಾ ರೇಗಿದರು: "ನನಗೆ ಪಾಠ ಹೇಳ್ಬೇಡ. ಹೇಳಿಕೊಟ್ಟ ಮಾತು ವಾಸನೆ ಬರತ್ತೆ."

ಗುರುವಾರವೊಂದರ ಮಧ್ಯಾಹ್ನ ಅವಳು ಖಿಚಡಿ ತಂದು ಬಡಿಸುತ್ತಿದ್ದಾಗಲೇ ಫೋನ್ ಬಂದಿತು. ಕಾಕಾರ ಕಿವಿ ಮಂದವಾದ್ದರಿಂದ ಆ ಯಂತ್ರದ ದನಿ ಕೋಣೆ ತುಂಬ ಕೇಳಿಸುತ್ತಿತ್ತು.

"ವ್ರಜಲಾಲ್ ಠಕ್ಕರಾರ್ ಅವರಾ? ವೀಸಾ ವಿಭಾಗದಿಂದ ಮಾತಾಡ್ತಿದ್ದೀನಿ. ನೀವು ಈ ವಿಳಾಸದಲ್ಲಿ ಬಾಡಿಗೆಗೆ ಇದ್ದೀರಾ?"

ಕಾಕಾರ ಕಣ್ಣುಗಳಲ್ಲಿದ್ದ ಬೆಳಕು ಆರಿಹೋಯಿತು. ಎದುರಿನ ಗೋಡೆಯನ್ನು ದಾಟಿ ಬಹುದೂರದ ಯಾವುದೋ ರಸ್ತೆಯನ್ನು ಅವರು ನೋಡುತ್ತಿದ್ದರು.

"ನನ್ನ ಹತ್ರ ಏನೂ ಇಲ್ಲ," ಎಂದರು.

"ನಿಮ್ಮ ಹತ್ರ ಏನಿದೆ ಅಂತ ಕೇಳ್ಲಿಲ್ಲ ಸಾರ್. ಬಾಡಿಗೆ ಕೊಡ್ತೀರಾ?"

ಜಸುಮತಿ ಎರಡೂ ಕೈಗಳಿಂದ ತನ್ನ ಬಾಯಿ ಮುಚ್ಚಿಕೊಂಡಳು. ಕಾಕಾ ಅವಳತ್ತ ತಿರುಗಿ, ಫೋನನ್ನು ಎದೆಗೆ ಒತ್ತಿ ಹಿಡಿದರು.

"ಹಿತ್ತಲಿಗೆ ಹೋಗು."

"ಕಾಕಾ..."

"ಹೋಗು ಅಂದೆ."

ಜಿನುಗುವ ಮಳೆಯಲ್ಲಿ ಕಸದ ತೊಟ್ಟಿಗಳ ನಡುವೆ ಅವಳು ನಿಂತಳು. ಕಿಟಕಿಯ ಗಾಜಿನಾಚೆ ಕಾಕಾರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅವರು ಎದ್ದು ನಿಂತರು. ಕೈ ಬೀಸಿದರು. ಮೇಜು ಗುದ್ದಿದರು. ಮುಗಿಯಿತು, ಎಲ್ಲ ಮುಗಿಯಿತು ಎಂದು ಅವಳು ಗೋಡೆಗೆ ಒರಗಿದಳು.

ಒಳಗೆ ಬಂದಾಗ ಕಾಕಾ ಆರಿದ ಖಿಚಡಿಯನ್ನು ಕಲಸುತ್ತಿದ್ದರು.

"ಏನಂದ್ರಿ?"

"ಕೊಡ್ತೀನಿ ಅಂದೆ. ಎಷ್ಟು ಅಂತ ಹೇಳ್ದೆ, ಯಾವ ತಾರೀಕಿಗೆ ಅಂತಾನೂ ಹೇಳ್ದೆ. ಕೊಟ್ಟದ್ದನ್ನ ಕೊಟ್ಟಿಲ್ಲ ಅಂದ್ರೆ ಹದಿನೈದು ವರ್ಷ ನಾನು ಇಲ್ಲಿ ಬಿಟ್ಟಿ ಬಿದ್ದಿದ್ದ ಹಾಗಾಗಲ್ವಾ?" ಅವರು ತುತ್ತು ನುಂಗಿದರು. "ಆಮೇಲೆ ಇನ್ನೊಂದೂ ಹೇಳ್ದೆ. ಮೇಲಿನ ಕೋಣೆ ಕಿಟಕಿ ಮುಚ್ಚಲ್ಲ, ಗೋಡೆ ತುಂಬ ಬೂಷ್ಟು, ಎರಡು ಚಳಿಗಾಲದಿಂದ ಬಡ್ಕೊಳ್ತಿದ್ದೀನಿ, ಒಡತಿ ಕಿವಿಗೆ ಹಾಕ್ಕೊಳ್ತಿಲ್ಲ. ಇದನ್ನೂ ಬರ್ಕೊಳ್ಳಿ ಅಂದೆ."

"ಅಯ್ಯೋ ಕಾಕಾ! ಬರ್ಕೊಂಡ್ರಾ?"

"ಬರ್ಕೊಂಡ್ಳು. ಅಕ್ಷರ ಬಿಡದೆ ಓದಿ ಹೇಳಿದ್ಳು. ಒಳ್ಳೇ ಹುಡುಗಿ."

ಮರುದಿನವೇ ಬಡಗಿ ಬಂದ. ಆದರೆ ಬರೆದುಕೊಂಡದ್ದನ್ನು ಯಾವ ಬಡಗಿ ಅಳಿಸಬಲ್ಲ? ಆರು ವಾರ ಅವಳಿಗೆ ಅನ್ನ ಸೇರಲಿಲ್ಲ. ವಕೀಲರ ಬಳಿ ಅತ್ತುಕೊಂಡು ಹೇಳಿದಾಗ ಅವರು ಕುರ್ಚಿ ಅಲುಗುವಂತೆ ನಕ್ಕರು. "ಬೆನ್, ನೂರು ಕಾಗದ ಹೇಳದ್ದನ್ನ ನಿಮ್ಮ ಕಾಕಾ ಒಂದೇ ಮಾತಲ್ಲಿ ಹೇಳಿದ್ದಾರೆ. ಬಾಡಿಗೆ ಕೊಡದೆ ಇರೋನು ಕಿಟಕಿಗೋಸ್ಕರ ಜಗಳ ಆಡ್ತಾನಾ?" ಅವಳು ನಂಬಲಿಲ್ಲ. ಮುದ್ರೆಯೊತ್ತಿದ ಪಾಸ್‌ಪೋರ್ಟು ಕೈಗೆ ಬಂತೆಂದು ನಟವರ್ ಫೋನಿನಲ್ಲಿ ಕೂಗಿದಾಗಲೂ, ಹೆಸರು ಸರಿಯಾಗಿದೆಯೇ ಎಂದು ಮೂರು ಸಲ ಓದಿಸಿದಳು.

ಅವನು ಬಂದ ಮೇಲೆ ಕಾಕಾ ಐದು ವರ್ಷ ಬದುಕಿದರು. ಬಾಡಿಗೆ ಒಂದು ತಿಂಗಳೂ ತಪ್ಪಲಿಲ್ಲ, ದೂರುಗಳೂ ತಪ್ಪಲಿಲ್ಲ.

ಕಥೆ ಇಲ್ಲಿಗೆ ಬರುವಷ್ಟರಲ್ಲಿ ಮಂಚದ ತುದಿಯಲ್ಲಿ ಕುಳಿತ ಭಾವಿನಿಯ ಮಗಳು ಝೀಲ್ ಅಜ್ಜಿಯ ತಣ್ಣಗಾದ ಬೆರಳುಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಉಜ್ಜುತ್ತಿದ್ದಳು. ಆಚೆ ಕೋಣೆಯಲ್ಲಿ ನಟವರ್ ಕ್ರಿಕೆಟ್ ನೋಡುತ್ತ ಕೆಮ್ಮಿದ. ಜಸುಮತಿ ಅಭ್ಯಾಸಬಲದಿಂದ, ಅವನು ಉಸಿರೆಳೆದುಕೊಳ್ಳುವವರೆಗೂ ಆ ಕಡೆ ಕಿವಿಯಿಟ್ಟಳು.

"ಅಜ್ಜಿ," ಎಂದಳು ಝೀಲ್, "ಇನ್ನೊಂದ್ಸಲ ಹೇಳು. ಮೊದಲಿಂದ."