ಬಿಸಿಲು ಬೇಕಿದ್ದ ಕನ್ನಡಿ

ಚಟ್ಟಕ್ಕೆ ಹೆಗಲು ಕೊಟ್ಟು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ತಿಪ್ಪೇಶನ ಜೇಬಿನಲ್ಲಿ ಫೋನು ಗುರುಗುಟ್ಟತೊಡಗಿತು. ಒಂದು ಕೈ ಬಿದಿರಿನ ಮೇಲಿತ್ತು, ಇನ್ನೊಂದು ಕೈ ಜಾರುತ್ತಿದ್ದ ಟವೆಲನ್ನು ಹಿಡಿದುಕೊಂಡಿತ್ತು. ತೆಗೆದು ನೋಡುವಂತಿಲ್ಲ, ಬಂದ್ ಮಾಡುವಂತೆಯೂ ಇಲ್ಲ. ಸುಗ್ಗಿಯ ದಿನಗಳು. ಶಿಕಾರಿಪುರದಲ್ಲಿ ಅವನ ಮಂಡಿಯ ಮುಂದೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ರೇಟು ಕೇಳುವವರಿಗೆ ಇನ್ನೊಬ್ಬರ ಸಾವು ಹೇಗೆ ಗೊತ್ತಾಗಬೇಕು? ಫೋನು ಒದರುತ್ತಲೇ ಇತ್ತು. ಅದರ ನಡುಕ ತೊಡೆಯಿಂದ ಹೆಗಲಿಗೆ, ಹೆಗಲಿನಿಂದ ಬಿದಿರಿಗೆ ಹತ್ತಿ, ಮೇಲೆ ಮಲಗಿರುವ ಸುಬ್ಬಪ್ಪ ಮೇಷ್ಟ್ರಿಗೂ ತಿಳಿಯುತ್ತಿದೆಯೇನೋ ಅನ್ನಿಸಿ ಅವನಿಗೆ ನಾಚಿಕೆಯಾಯಿತು.

ಪಕ್ಕದಲ್ಲಿ ಹೆಗಲು ಕೊಟ್ಟಿದ್ದವನು ದೇವರಾಜ. ತಿಪ್ಪೇಶನ ಜೊತೆಗೇ ಹೈಸ್ಕೂಲು ಓದಿದವನು, ಈಗ ಗೂಡ್ಸ್ ಆಟೊ ಓಡಿಸುತ್ತಾನೆ. ಅವನು ತಲೆ ತಿರುಗಿಸದೆಯೇ ಹೇಳಿದ: "ಮೇಷ್ಟ್ರು ಇದ್ದಾಗ್ಲೂ ನಿನ್ನದು ಇದೇ ಆತು. ಈಗ್ಲೂ ಇದೇನಾ?"

ತಿಪ್ಪೇಶ ಟವೆಲನ್ನು ಎಳೆದು ಸರಿಮಾಡಿಕೊಂಡ.

ಸೊರಬದ ಪೇಟೆ ಬೀದಿ ದಾಟಿ ದಂಡಾವತಿ ಹೊಳೆಯ ಕಡೆ ಹೊರಟಿದ್ದ ಆ ಮೆರವಣಿಗೆ ದೊಡ್ಡದೇನೂ ಅಲ್ಲ. ಸುಬ್ಬಪ್ಪ ಮೇಷ್ಟ್ರು ವಿಜ್ಞಾನದ ಮೇಷ್ಟ್ರಾಗಿ ಸೇರಿ, ವಿಜ್ಞಾನದ ಮೇಷ್ಟ್ರಾಗಿಯೇ ನಿವೃತ್ತರಾದವರು. ಹೆಡ್‌ಮಾಸ್ಟರೂ ಆಗಲಿಲ್ಲ, ಪ್ರಶಸ್ತಿ ಗಿಶಸ್ತಿಯ ತಂಟೆಗೂ ಹೋಗಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡರಂತೆ, ಅಷ್ಟೇ. ಆದರೂ ತಾಳಗುಂದದ ಕಡೆಯ ಹಳೆಯ ವಿದ್ಯಾರ್ಥಿಗಳು ಸುದ್ದಿ ಕೇಳಿದವರೇ ಬಸ್ಸು ಹತ್ತಿ ಬಂದಿದ್ದರು. ಅವರಲ್ಲಿ ಹೆಚ್ಚಿನವರು ಈಚಿನ ವರ್ಷಗಳಲ್ಲಿ ಮೇಷ್ಟ್ರು ಹೊತ್ತು ತಂದ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ನೋಡಿದವರು. ತಿಪ್ಪೇಶ ನೋಡಿರಲಿಲ್ಲ.

*

ಮೇಷ್ಟ್ರು ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬರೆದರೆ ಮುಂದಿನ ಪಿರಿಯಡ್ಡಿನವರಿಗೆ ಅದನ್ನು ಒರೆಸಲು ಮನಸ್ಸಾಗುತ್ತಿರಲಿಲ್ಲ. ಕೋಶಭಿತ್ತಿಗೆ ಹಸಿರು ಸೀಮೆಸುಣ್ಣ, ಕೋಶಕೇಂದ್ರಕ್ಕೆ ಕೆಂಪು. ನೋಡುವ ಕ್ರಮವನ್ನಂತೂ ಇಡೀ ತರಗತಿ ಮಗ್ಗಿಯ ಹಾಗೆ ಒಪ್ಪಿಸುತ್ತಿತ್ತು: ಈರುಳ್ಳಿಯ ಒಂದು ಎಸಳನ್ನು ಮುರಿ, ಒಳಮೈಯ ತೆಳು ಪೊರೆ ಸುಲಿ, ಗಾಜಿನ ಮೇಲೆ ಮಡಿಕೆ ಬೀಳದಂತೆ ಹರಡು, ಒಂದು ತೊಟ್ಟು ಅಯೋಡಿನ್ ಬಿಡು, ಸೂಕ್ಷ್ಮದರ್ಶಕದಲ್ಲಿ ವೀಕ್ಷಿಸು.

ಕಡೆಯದೊಂದನ್ನು ಬಿಟ್ಟು ಉಳಿದೆಲ್ಲ ಮಾಡಬಹುದಿತ್ತು. ಶಾಲೆಗಿದ್ದ ಒಂದೇ ಸೂಕ್ಷ್ಮದರ್ಶಕ ಮರದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಮೇಷ್ಟ್ರ ಜನಿವಾರದಷ್ಟೇ ಭದ್ರವಾಗಿ ಅವರ ಉಡಿದಾರದಲ್ಲಿ. ಒಡೆದರೆ ಇನ್ನೊಂದು ಬರುವುದಿಲ್ಲ ಎಂಬುದು ಅವರ ಭಯ. ವರ್ಷಕ್ಕೊಮ್ಮೆ ಶಾರದಾ ಪೂಜೆಯ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಶಾರದೆಯ ಪಟದ ಪಕ್ಕದಲ್ಲಿ ಕೂರಿಸಿ, ಗಂಧ ಕುಂಕುಮ ಇಟ್ಟು, ಕೊಳವೆಯ ತುದಿಗೆ ಸೇವಂತಿಗೆ ಸಿಕ್ಕಿಸುತ್ತಿದ್ದರು. ಮಕ್ಕಳು ಸಾಲಾಗಿ ಬಂದು ಕೈಮುಗಿದು, ಮಂಡಕ್ಕಿ ಪ್ರಸಾದ ತಗೊಂಡು ಹೋಗಬೇಕು.

ತಿಪ್ಪೇಶ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವನ ಸರದಿ ಬಂತು. ಕೈಮುಗಿಯಲಿಲ್ಲ. ಬಗ್ಗಿ, ಸೇವಂತಿಗೆ ಸರಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗಿಟ್ಟ. ಕತ್ತಲೆ ಕಂಡಿತು. ಅಷ್ಟರಲ್ಲಿ ಮೇಷ್ಟ್ರ ಏಟು ಕೆನ್ನೆಗೆ ಬಿತ್ತು. ಎಲ್ಲರೂ ನೋಡುತ್ತಿದ್ದರು, ಹುಡುಗಿಯರೂ ನೋಡುತ್ತಿದ್ದರು. ಎಡಗಿವಿ ಸಂಜೆಯವರೆಗೂ ಗುಂಯ್‌ಗುಟ್ಟಿತು. ಆಮೇಲೆ ಅವನು ವಿಜ್ಞಾನದ ಪಿರಿಯಡ್ಡಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತವನು ಮುಂದೆ ಬರಲೇ ಇಲ್ಲ.

*

ಸ್ಮಶಾನದಲ್ಲಿ ಸೌದೆ ಒಟ್ಟುವುದು ತಡವಾಯಿತು. ಹಳೆಯ ವಿದ್ಯಾರ್ಥಿಗಳು ಬೇಲಿಯ ನೆರಳಿನಲ್ಲಿ ಕೂತು ತಂತಮ್ಮ ಈರುಳ್ಳಿಯ ಕತೆ ಹೇಳಿಕೊಳ್ಳುತ್ತಿದ್ದರು. ದೇವರಾಜನಿಗೆ ಮೇಷ್ಟ್ರು ಸೂಕ್ಷ್ಮದರ್ಶಕವನ್ನು ಆಟೊದ ಹಿಂಬಾಗಿಲ ಮೇಲಿಟ್ಟು ತೋರಿಸಿದ್ದರಂತೆ, ನಡುಮಧ್ಯಾಹ್ನ, ಸಿಮೆಂಟು ಇಳಿಸುವ ಹೊತ್ತಿನಲ್ಲಿ. ಹಮಾಲಿಗಳೂ ಸಾಲು ನಿಂತು ನೋಡಿದರಂತೆ.

"ಈ ಹುಚ್ಚು ಯಾಕೆ ಹಿಡೀತು ಅವ್ರಿಗೆ?" ತಿಪ್ಪೇಶ ಕೇಳಿದ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆ.

ದೇವರಾಜ ಹೇಳಿದ. ಮೇಷ್ಟ್ರು ನಿವೃತ್ತರಾಗಿ ಚಾರ್ಜು ಒಪ್ಪಿಸುವ ದಿನ ಅವನೂ ಶಾಲೆಗೆ ಬೆಂಚು ಸಾಗಿಸಲು ಹೋಗಿದ್ದ. ಹೊಸದಾಗಿ ಬಂದ ರಜನಿ ಮೇಡಂ ಪೆಟ್ಟಿಗೆ ತೆಗೆದು, ಕಿಟಕಿಯ ಹತ್ತಿರ ಹಿಡಿದು ನೋಡಿ, ಇದರಲ್ಲಿ ಏನೂ ಕಾಣುವುದಿಲ್ಲವಲ್ಲ ಸಾರ್ ಅಂದರು. ಮಸೂರಕ್ಕೆಲ್ಲ ಬೂಷ್ಟು ಹಿಡಿದಿತ್ತು. ಗಂಧ ಕುಂಕುಮವೂ ಒಳಗೆ ಇಳಿದು ಗಟ್ಟಿಯಾಗಿತ್ತು.

"ಯಾರೂ ಮುಟ್ಟದೇನೇ ಕೆಟ್ಟಿತ್ತು ಕಣೋ ಅದು. ಮೇಷ್ಟ್ರು ಅಲ್ಲೇ ಬೆಂಚಿನ ಮೇಲೆ ಕೂತ್ರು. ಇಷ್ಟು ವರ್ಷ ನಾನು ಯಾರಿಗೂ ಏನೂ ತೋರಿಸಲಿಲ್ಲ ದೇವರಾಜ, ಅಂದ್ರು."

ಹಾರ ಹಾಕಿಸಿಕೊಂಡು ಮನೆಗೆ ಹೋದವರು ಮುಂದಿನ ತಿಂಗಳೇ ತಮ್ಮದೇ ಒಂದು ಸಣ್ಣ ಸೂಕ್ಷ್ಮದರ್ಶಕ ತರಿಸಿದರು. ಬಟ್ಟೆಯ ಚೀಲದಲ್ಲಿ ಅದು, ಜೊತೆಗೊಂದು ಈರುಳ್ಳಿ, ಬ್ಲೇಡು, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಬಾಟಲಿ. ಒಬ್ಬೊಬ್ಬ ವಿದ್ಯಾರ್ಥಿಯನ್ನೇ ಹುಡುಕಿಕೊಂಡು ಹೊರಟರು. ತಲೆ ಕೆಟ್ಟಿದೆ ಎಂದವರೂ ಇದ್ದರು, ನಕ್ಕವರೂ ಇದ್ದರು. ಆದರೆ ನೋಡದೆ ಕಳಿಸಿದವರು ಕಡಿಮೆ.

ಚಿತೆಗೆ ಬೆಂಕಿ ಕೊಟ್ಟವಳು ಮಗಳು ಮೇಘನಾ. ಹೊಗೆ ಹೊಳೆಯ ಮೇಲಕ್ಕೆ ಹೋಯಿತು. ತಿಪ್ಪೇಶ ಎಡಗಿವಿಯನ್ನು ಉಜ್ಜಿಕೊಳ್ಳುತ್ತ ನಿಂತಿದ್ದ.

*

ಅವನ ಮಂಡಿಗೂ ಮೇಷ್ಟ್ರು ಬಂದಿದ್ದರು. ಒಂದು ಸಲವಲ್ಲ. ಸೊರಬದಿಂದ ಶಿರಾಳಕೊಪ್ಪ, ಅಲ್ಲಿ ಬಸ್ಸು ಬದಲಿಸಿ ಶಿಕಾರಿಪುರ. ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಜೋಳದ ಮೂಟೆಯ ಮೇಲೆ ಕೂರುತ್ತಿದ್ದರು.

"ಎರಡೇ ನಿಮಿಷ ತಿಪ್ಪೇಶ. ಈರುಳ್ಳಿ ತೋರಿಸಿ ಹೋಗ್ತೀನಿ."

"ಈಗ ಕೈ ಬಿಡುವಿಲ್ಲ ಸಾರ್. ಸಂಜೆ ಬರ್ರಿ, ಆರಾಮಾಗಿ ನೋಡಾಣಂತೆ."

"ಸಂಜೆ ಆಗಲ್ಲಪ್ಪ. ಇದರ ಅಡಿಯ ಕನ್ನಡಿಗೆ ಬಿಸಿಲು ಬೇಕು."

ತಿಪ್ಪೇಶ ಚಹಾ ತರಿಸುತ್ತಿದ್ದ. ಅವರು ಕುಡಿದು, ಬಿಸಿಲು ಇಳಿಯುವವರೆಗೆ ಕಾದು, ಬಸ್ಸಿಗೆ ಹೋಗುತ್ತಿದ್ದರು. ಕೆಲಸ ಇದ್ದದ್ದು ನಿಜ. ಆದರೆ ಎರಡು ನಿಮಿಷ ಇರಲಿಲ್ಲವೆಂದರೆ ಅವನ ಮಂಡಿಯ ತಕ್ಕಡಿಯೂ ನಂಬುತ್ತಿರಲಿಲ್ಲ. ಊರೆಲ್ಲ ನೋಡುವಂತೆ ಹೊಡೆದಿದ್ದ ಮನುಷ್ಯ ತನ್ನ ಅಂಗಡಿಯಲ್ಲಿ, ತನ್ನ ಮೂಟೆಯ ಮೇಲೆ, ತನ್ನ ಬಿಡುವಿಗಾಗಿ ಕಾಯುತ್ತಾರೆ ಎಂಬುದರಲ್ಲಿ ಅವನಿಗೊಂದು ಸುಖವಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಕಡೆಯ ಸಲ ಬಂದಾಗ ಮೇಷ್ಟ್ರು ಬಹಳ ಸೊರಗಿದ್ದರು. ಹೊರಡಲು ಎದ್ದವರು ಮೇಜಿನ ಹತ್ತಿರ ಬಂದು ನಿಂತರು. "ಅವತ್ತೇ ನೋಡಬೇಕಿತ್ತು ಕಣೋ ನೀನು. ನಾನೇ ಅಡ್ಡ ಬಂದೆ," ಎಂದರು.

ಅವನ ಕಿವಿಯಲ್ಲಿ ಫೋನಿತ್ತು. ದಾವಣಗೆರೆಯವರು ರೇಟು ಹೇಳುತ್ತಿದ್ದರು. ಒಂದು ನಿಮಿಷ ಎಂಬಂತೆ ಕೈ ಎತ್ತಿದ. ಮಾತು ಮುಗಿಸಿ ನೋಡಿದಾಗ ಮೂಟೆಯ ಮೇಲೆ ಖಾಲಿ ಲೋಟವಿತ್ತು. ಬಸ್‌ಸ್ಟ್ಯಾಂಡು ಕೂಗಳತೆಯ ದೂರ. ಓಡಿದ್ದರೆ ಸಿಗುತ್ತಿದ್ದರು. ಅವನು ಓಡಲಿಲ್ಲ.

*

ಸ್ಮಶಾನದಿಂದ ಬಂದವರು ದೀಪ ನೋಡಿ ಹೋಗಬೇಕು. ಅವರೆಲ್ಲ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅಂಗಳದಲ್ಲಿ ಕಾಲು ತೊಳೆದು, ನಡುಮನೆಯಲ್ಲಿ ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಹೋಗಿ ಬರುತ್ತೇನೆಂದು ಹೇಳದೆ ಒಬ್ಬೊಬ್ಬರೇ ಹೊರಟರು. ಜಗಲಿಯ ಮೇಲೆ ಅವರ ಕ್ಲಾಸಿನ ಹುಲಿಗೆಮ್ಮ ಕೂತಿದ್ದಳು. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವಳದು ಮಿರ್ಚಿ ಬಜ್ಜಿಯ ಗಾಡಿ. ಇಟ್ಟಿಗೆ ಗೋಡೆ ಕಟ್ಟಿದಂಗೆ ಕಂಡ್ತು, ನೋಡಿ ಅತ್ತುಬಿಟ್ಟೆ, ಈರುಳ್ಳಿ ಘಾಟಿಗೋ ಯಾತಕ್ಕೋ ಗೊತ್ತಾಗಲಿಲ್ಲ ಎಂದು ಯಾರಿಗೋ ಹೇಳುತ್ತಿದ್ದಳು.

ತಿಪ್ಪೇಶ ದೀಪದ ಮುಂದೆ ನಿಂತೇ ಇದ್ದ. ಮೇಷ್ಟ್ರ ಹೆಂಡತಿ ರಾಧಮ್ಮ ಗೋಡೆಗೆ ಒರಗಿ ಕೂತಿದ್ದರು.

"ನೀನು ಶಿಕಾರಿಪುರದ ತಿಪ್ಪೇಶ ಅಲ್ಲನಾ?"

"ಹೌದ್ರೀ ಅಮ್ಮ."

"ಹುಷಾರಾದ್ಮೇಲೆ ಅವನ ಹತ್ರ ಒಂದು ಸಲ ಹೋಗ್ಬೇಕು, ಅವನಿಗೊಬ್ಬನಿಗೆ ತೋರ್ಸೋಕೆ ಆಗಲಿಲ್ಲ ಅಂತಿದ್ರು." ಅವರು ಗೂಟದ ಕಡೆ ಕಣ್ಣು ತೋರಿಸಿದರು. ಬಟ್ಟೆಯ ಚೀಲ ಅಲ್ಲೇ ನೇತಾಡುತ್ತಿತ್ತು.

ಅವನು ಕೇಳುವ ಮೊದಲೇ ಮೇಘನಾ ಚೀಲ ತೆಗೆದು ಅಪ್ಪನ ಮೇಜಿನ ಮೇಲಿಟ್ಟಳು. ಒಳಗಿದ್ದ ಈರುಳ್ಳಿ ಎಷ್ಟು ದಿನದ್ದೋ, ತಲೆಯಿಂದ ಹಸಿರು ಮೊಳಕೆ ಬೆರಳುದ್ದ ಎದ್ದಿತ್ತು. ತಿಪ್ಪೇಶ ಅದನ್ನು ಸೀಳಿ ಒಂದು ಎಸಳು ಮುರಿದ. ಪೊರೆ ಸುಲಿದ. ಗಾಜಿನ ಮೇಲೆ ಮಡಿಕೆ ಬೀಳದಂತೆ ಹರಡಿ, ಒಂದು ತೊಟ್ಟು ಟಿಂಚರು ಬಿಟ್ಟ. ಎಂದೂ ಮಾಡದ ಕೆಲಸವನ್ನು ಬೆರಳುಗಳು ಹಳೆಯ ರೂಢಿಯಂತೆ ಮಾಡಿದವು. ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡದ್ದು ಒಂದೂ ಮರೆತಿರಲಿಲ್ಲ.

ಕಣ್ಣಿಟ್ಟರೆ ಅದೇ ಕತ್ತಲೆ. ಕಿಟಕಿಯಾಚೆ ಬಿಸಿಲು ಹೋಗಿ ಆಗಿತ್ತು. ಮೇಜಿನ ಮೇಲೆ ಎಲ್ಲೋ ಬಿದ್ದಿದ್ದ ಬ್ಲೇಡನ್ನು ಹುಡುಕಲೆಂದು ಅವನು ಫೋನಿನ ಟಾರ್ಚು ಹಾಕಿ ಚೀಲಕ್ಕೆ ಆನಿಸಿಟ್ಟ. ಬೆಳಕು ಕನ್ನಡಿಗೆ ತಗಲಿತು, ಕೊಳವೆಯ ಬಾಯಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯಿತು.

ತಿಪ್ಪೇಶ ಸುಮ್ಮನೆ ಅದನ್ನು ನೋಡಿದ. ಆಮೇಲೆ ನಿಧಾನವಾಗಿ ಬಗ್ಗಿದ. ಮೊದಲು ಕಂದು ಮಬ್ಬು. ತಿರುಪು ತಿರುಗಿಸಿದ. ಮಬ್ಬಿನಿಂದ ಗೆರೆಗಳು ಎದ್ದವು. ಕೋಣೆಗೆ ತಾಗಿ ಕೋಣೆ, ಅದಕ್ಕೆ ತಾಗಿ ಮತ್ತೊಂದು. ಒಂದೊಂದರಲ್ಲೂ ಒಂದು ಚುಕ್ಕೆ, ಮೇಷ್ಟ್ರು ಕೆಂಪು ಸೀಮೆಸುಣ್ಣದಲ್ಲಿ ಇಡುತ್ತಿದ್ದಂಥದೇ.

"ಕಾಣ್ತಾ?" ಮೇಘನಾ ಕೇಳಿದಳು.

"ಕಾಣ್ತೈತಿ."

ನಡುಮನೆಯಿಂದ ರಾಧಮ್ಮನ ದನಿ ಬಂತು. "ಸಂಜೆ ಹೊತ್ತು ಕಾಣಲ್ಲ ಅಂತಿದ್ರಲ್ಲ ಅವರು?"

ಯಾವ ಸಂಜೆಯಾದರೂ ಆಗುತ್ತಿತ್ತು. ಮೇಷ್ಟ್ರು ಬಿಸಿಲಿಗೆ ಕಾಯುತ್ತ ಕೂತಿದ್ದಾಗಲೆಲ್ಲ ಈ ಫೋನು ತಿಪ್ಪೇಶನ ಕೈಯಲ್ಲೇ ಇತ್ತು.

ಆಗ ಫೋನು ಬಂತು, ಮಂಡಿಯಿಂದಲೇ ಇರಬೇಕು. ತಿಪ್ಪೇಶ ಕಣ್ಣು ತೆಗೆಯಲಿಲ್ಲ, ಕೈಯನ್ನೂ ಚಾಚಲಿಲ್ಲ. ಮೇಜು ಗುರುಗುಟ್ಟಿತು. ಬೆಳಕಿನಲ್ಲಿ ಕೋಣೆಗಳೆಲ್ಲ ಒಟ್ಟಿಗೆ ನಡುಗಿದವು. ಒಂದೊಂದರೊಳಗಿನ ಚುಕ್ಕೆಯೂ ತಾನಿದ್ದಲ್ಲೇ ಇದ್ದು ನಡುಗುತ್ತಿತ್ತು.